ಸೋಯಾ ಐಸೊಲೇಟ್‌ನಿಂದ ಎಳೆ ಬರ್ತಿಲ್ಲ, ರಬ್ಬರ್ ಬರ್ತಿದೆ: ಎಕ್ಸ್‌ಟ್ರೂಡರ್, ಕೂಲಿಂಗ್ ಡೈ ಗೊತ್ತಿರುವವರು ನೋಡಿ

ಬೇಳೆಕಾಳು_27 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೇಯಿಸಿದ ಕೋಳಿ ಮಾಂಸದ ಹಾಗೆ ಕೈಯಲ್ಲಿ ಎಳೆ ಎಳೆಯಾಗಿ ಬಿಡಿಸಬಹುದಾದ ಸಸ್ಯಾಹಾರಿ ತುಂಡು ಮಾಡಬೇಕಾಗಿದೆ. ನೆನೆಸಿ ಹಿಂಡುವ ಒಣ ಮೀಲ್ ಮೇಕರ್ ಅಲ್ಲ. ಹಸಿಯಾಗಿ ಪಟ್ಟಿಯಂತೆ ಹೊರಬಂದು, ಕತ್ತರಿಸಿ ನೇರ ಮಸಾಲೆಗೆ ಹಾಕುವ ಮಾದರಿ. ವಿವರ ಹೀಗಿದೆ:

ಯಂತ್ರ: ಹಿಟ್ಟನ್ನು ಕಾಯಿಸಿ, ನಾದಿ, ಬಾಯಿಂದ ಒತ್ತಿ ಹೊರಹಾಕುವ, ಎರಡೂ ಸ್ಕ್ರೂ ಒಂದೇ ದಿಕ್ಕಿಗೆ ತಿರುಗುವ ಎಕ್ಸ್‌ಟ್ರೂಡರ್. ಸ್ಕ್ರೂ ವ್ಯಾಸ 27 ಮಿ.ಮೀ., ಎಲ್/ಡಿ (ಸ್ಕ್ರೂ ಉದ್ದ ವ್ಯಾಸದ ಎಷ್ಟು ಪಟ್ಟು) 40, ಹತ್ತು ಬ್ಯಾರಲ್ (ಸ್ಕ್ರೂ ಸುತ್ತಲಿನ ಕೊಳವೆಯ ತುಂಡು), 300 ಆರ್‌ಪಿಎಂ.
ಕೂಲಿಂಗ್ ಡೈ (ಹಿಟ್ಟು ಹೊರಬರುವ ಬಾಯಿಗೆ ಜೋಡಿಸಿದ ತಣಿಸುವ ಅಚ್ಚು): ಒಳದಾರಿ 40 ಮಿ.ಮೀ. ಅಗಲ, 8 ಮಿ.ಮೀ. ಎತ್ತರ, 400 ಮಿ.ಮೀ. ಉದ್ದ. ಜಾಕೆಟ್ಟಿನಲ್ಲಿ 25°ಸೆ. ಚಿಲ್ಲರ್ ನೀರು.
ಪುಡಿ: ಸೋಯಾ ಐಸೊಲೇಟ್ (ಬೇರ್ಪಡಿಸಿ ಒಣಗಿಸಿದ ಸೋಯಾ ಪ್ರೋಟೀನ್) ಮಾತ್ರ, ಪ್ರೋಟೀನ್ 90%, ತೇವ 7%. ಗಂಟೆಗೆ 10 ಕೆಜಿ.
ನೀರು: ಗಂಟೆಗೆ 9 ಲೀಟರ್, ಎರಡನೇ ಬ್ಯಾರಲ್‌ನಲ್ಲಿ. ಅಂದರೆ 47% ತೇವ.
ತಾಪ: 30, 50, 80, 100, 120, 135, 145, 145, 140, 130°ಸೆ.

ತೊಂದರೆ ಮೂರು. ಒಂದು, ಪಟ್ಟಿ ನುಣ್ಣಗೆ ಅಳಿಸುವ ರಬ್ಬರಿನಂತೆ ಬರುತ್ತದೆ. ಯಾವ ಕಡೆ ಹರಿದರೂ ಒಂದೇ ಥರ, ಎಳೆಯೇ ಇಲ್ಲ. ಎರಡು, ಹದಿನೈದು ಇಪ್ಪತ್ತು ಸೆಕೆಂಡಿಗೊಮ್ಮೆ ನಡುಭಾಗ ಪಿಚಕ್ಕನೆ ಮುಂದೆ ಚಿಮ್ಮುತ್ತದೆ, ಕೆಲವೊಮ್ಮೆ ಪಟ್ಟಂತ ಸದ್ದಾಗಿ ಉಬ್ಬುತ್ತದೆ. ಡೈ ಒತ್ತಡ 5 ಬಾರ್‌ನಿಂದ 18ಕ್ಕೆ ಓಡಾಡುತ್ತದೆ. ಮೂರು, ಒಂದು ಗಂಟೆ ಓಡಿದ ಮೇಲೆ ಹಾಪರ್ ಬಾಯಲ್ಲಿ ಹಬೆ ಬಂದು ಪುಡಿ ಗಂಟು ಕಟ್ಟುತ್ತದೆ.

ಯಂತ್ರ ಕೊಟ್ಟವರು "ತಾಪ ಏರಿಸಿ" ಅಂತಾರೆ. 155ಕ್ಕೆ ಏರಿಸಿದರೆ ಬಣ್ಣ ಕಂದಾಗಿ ಸೀದ ವಾಸನೆ, ಎಳೆ ಮಾತ್ರ ಇಲ್ಲ. ಎಲ್ಲಿ ತಪ್ಪುತ್ತಿದೆ?

ಡೈ_ಮುಂದೆ_ನಿಲ್ಲಬೇಡಿ:

ತಾಪ ಏರಿಸಬೇಡಿ. 145 ಸೋಯಾಗೆ ಧಾರಾಳವಾಯಿತು. ನಿಮ್ಮ ತೊಂದರೆ ಹೆಚ್ಚಾಗಿ ಡೈನಲ್ಲಿದೆ, ಸ್ವಲ್ಪ ನೀರಿನ ಲೆಕ್ಕದಲ್ಲಿದೆ.

ಮೊದಲು ನೀರು. ಪುಡಿಯೊಳಗಿನ 7% ತೇವವನ್ನು ನೀವು ಬಿಟ್ಟಿದ್ದೀರಿ. 10 ಕೆಜಿ ಪುಡಿಯಲ್ಲಿ 0.7 ಕೆಜಿ ನೀರು ಆಗಲೇ ಇದೆ. ಒಟ್ಟು 19 ಕೆಜಿಯಲ್ಲಿ ನೀರು 9.7 ಕೆಜಿ, ಅಂದರೆ 51%. ಬರೀ ಐಸೊಲೇಟ್ ಹಾಕಿ 51% ಅಂದರೆ ಹಿಟ್ಟು ಗಟ್ಟಿ. 55ರಿಂದ 60ರ ನಡುವೆ ಹೋಗಿ, 58ರಿಂದ ಶುರು ಮಾಡಿ. 60 ದಾಟುತ್ತಾ ಹೋದರೆ ಎಳೆ ಮೆತ್ತಗಾಗಿ ಕೊನೆಗೆ ಮುದ್ದೆ.

ಈಗ ಡೈ. ಜೋಡಿ ಸ್ಕ್ರೂ ಮಾಡುವ ಕೆಲಸ ಇಷ್ಟೇ: ಉಂಡೆಯಾಗಿ ಸುತ್ತಿಕೊಂಡ ಪ್ರೋಟೀನನ್ನು ನೀರು, ಬಿಸಿ, ತಿಕ್ಕಾಟದಿಂದ ಬಿಚ್ಚಿ ಒಂದು ಬಿಸಿ ಪಾಕ ಮಾಡುವುದು. ಬ್ಯಾರಲ್ಲಿನಿಂದ ಹೊರಟಾಗ ಅದರಲ್ಲಿ ಎಳೆ ಇರುವುದಿಲ್ಲ. ಯಂತ್ರವನ್ನು ಥಟ್ಟನೆ ನಿಲ್ಲಿಸಿ ಬ್ಯಾರಲ್ ಬಿಚ್ಚಿ ನೋಡಿದರೆ ಸ್ಕ್ರೂ ಮೇಲೆ ಸಿಗುವುದು ಮುದ್ದೆ. ಆ ಪಾಕ ಡೈಯಲ್ಲಿ ಹರಿಯುವಾಗ ಗೋಡೆಗೆ ತಾಗಿದ್ದು ನಿಧಾನ, ನಡುವಿನದು ವೇಗ. ಈ ಎಳೆದಾಟದಲ್ಲಿ ಹಿಗ್ಗಿದ್ದು ಹಾಗೇ ತಣಿದು ಕೂತರೆ ಎಳೆ. ಸೋನ್ ಪಾಪ್ಡಿ ಮಾಡುವವರು ಪಾಕ ಎಳೆಯುವ ಹದ ನೆನಪಿಸಿಕೊಳ್ಳಿ. ತೀರಾ ಬಿಸಿ ಇದ್ದರೆ ಎಳೆದದ್ದು ಮತ್ತೆ ಕೂಡಿಕೊಳ್ಳುತ್ತದೆ, ತೀರಾ ಆರಿದರೆ ಮುರಿಯುತ್ತದೆ.

ನಿಮ್ಮ ಡೈಯ ಒಳಗಾತ್ರ 4 × 0.8 × 40 = 128 ಘನ ಸೆಂ.ಮೀ. ಗಂಟೆಗೆ 19 ಕೆಜಿ, ಸಾಂದ್ರತೆ ಸುಮಾರು 1.1 ಅಂತ ಹಿಡಿದರೆ ಸೆಕೆಂಡಿಗೆ 4.8 ಘನ ಸೆಂ.ಮೀ. ಅಂದರೆ ಮಾಲು ಡೈಯೊಳಗೆ ಇರುವುದು 27 ಸೆಕೆಂಡ್. 8 ಮಿ.ಮೀ. ದಪ್ಪದ ಒದ್ದೆ ಹಿಟ್ಟಿನ ನಡುಭಾಗ ಆರಲು ಇದು ಏನೇನೂ ಸಾಲದು. ಚಪ್ಪಟೆ ಹಲಗೆಯ ಶಾಖವಹನದ ಸೂತ್ರಕ್ಕೆ ಹಾಕಿ ನೋಡಿ, ಉಷ್ಣ ಪ್ರಸರಣಾಂಕ 1.3 × 10⁻⁷ ಮೀ²/ಸೆ. ಇಟ್ಟುಕೊಳ್ಳಿ. 130ರಲ್ಲಿ ಒಳಹೊಕ್ಕ ಮಾಲಿನ ನಡುಭಾಗ, ಗೋಡೆ 25 ಇದ್ದರೂ, ಹೊರಬರುವಾಗ ಸುಮಾರು 103°ಸೆ. ಇರುತ್ತದೆ. ಹೂರಣದ ಉಂಡೆ ಮೇಲೆ ಆರಿದಂತೆ ಕಂಡು ಒಳಗೆ ಬೆರಳು ಸುಡುತ್ತದಲ್ಲ, ಅದೇ ಕತೆ. ನೂರಕ್ಕಿಂತ ಮೇಲಿನ ನೀರು ಒತ್ತಡ ಬಿಟ್ಟ ತಕ್ಷಣ ಹಬೆಯಾಗುತ್ತದೆ. ಪಟ್ಟಂತ ಉಬ್ಬುವುದು ಅದಕ್ಕೇ.

ಚಿಮ್ಮುವುದಕ್ಕೆ ಇನ್ನೊಂದು ಅರ್ಧ ಕಾರಣ 25 ಡಿಗ್ರಿ ನೀರು. ಗೋಡೆಗೆ ತಾಗಿದ ಮಾಲು ಕೂಡಲೇ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ, ಒತ್ತಡ ಏರುತ್ತದೆ. ಬಿಸಿ ನಡುಭಾಗ ಮೆತ್ತಗಿರುವುದರಿಂದ ಅದೊಂದೇ ನುಗ್ಗಿ ಬರುತ್ತದೆ, ಒತ್ತಡ ಇಳಿಯುತ್ತದೆ, ಮತ್ತೆ ಮೊದಲಿನಿಂದ. ಜಾಕೆಟ್ ನೀರನ್ನು 60ಕ್ಕೆ ತನ್ನಿ. ಚಿಲ್ಲರ್ ಬೇಡ, ಹೀಟರ್ ಇರುವ ನೀರಿನ ಸರ್ಕ್ಯುಲೇಟರ್ ಬೇಕು. ಹರಿವು ಜೋರಾಗಿರಲಿ, ಒಳಹೋಗುವ ನೀರಿಗೂ ಹೊರಬರುವ ನೀರಿಗೂ 3ರಿಂದ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು.

"ಗೋಡೆ ಬಿಸಿ ಮಾಡಿದರೆ ನಡುಭಾಗ ಇನ್ನೂ ಬಿಸಿ ಆಗಲ್ವಾ" ಅಂದರೆ, ಆಗುತ್ತದೆ. ಅದಕ್ಕೇ ಹರಿವು ಅರ್ಧಕ್ಕೆ ಇಳಿಸಬೇಕು. ಪುಡಿ ಗಂಟೆಗೆ 5 ಕೆಜಿ, ನೀರು 6.1 ಲೀಟರ್. ಒಟ್ಟು ಸುಮಾರು 11 ಕೆಜಿ, ಡೈಯಲ್ಲಿ ಇರುವ ಸಮಯ 46 ಸೆಕೆಂಡ್. ಕೊನೆಯ ಬ್ಯಾರಲ್ 120ಕ್ಕೆ ಇಳಿಸಿ ಗೋಡೆ 60 ಇಟ್ಟರೆ ನಡುಭಾಗ 90ರ ಆಸುಪಾಸಿನಲ್ಲಿ ಹೊರಬರುತ್ತದೆ. ಮುಂದೆ ಗಂಟೆಗೆ 10 ಕೆಜಿ ಬೇಕೆಂದರೆ ಇದೇ ಡೈಗೆ ಇನ್ನೊಂದು 400 ಮಿ.ಮೀ. ತುಂಡು ಜೋಡಿಸಿಕೊಳ್ಳಿ. ಎತ್ತರ ಮಾತ್ರ ಹೆಚ್ಚಿಸಬೇಡಿ: ದಪ್ಪ ಎರಡು ಪಟ್ಟಾದರೆ ತಣಿಯುವ ಹೊತ್ತು ನಾಲ್ಕು ಪಟ್ಟು.

ಈ ಅಂಕಿಗಳು ಕೈಲೆಕ್ಕ. ಹರಿಯುವ ಮಾಲಿಗೆ ನಿಂತ ಹಲಗೆಯ ಸೂತ್ರ ಹಚ್ಚಿದ್ದು. ಐದಾರು ಡಿಗ್ರಿ ಅತ್ತಿತ್ತ ಆಗಬಹುದು, ದಿಕ್ಕು ತಪ್ಪುವುದಿಲ್ಲ. ಪಟ್ಟಿ ಹೊರಬಂದ ಕೂಡಲೇ ಸೂಜಿ ಥರ್ಮಾಮೀಟರ್ ನಡುವಿಗೆ ಚುಚ್ಚಿ ನೋಡಿ. ಲೇಸರ್ ಗನ್ ಹಿಡಿದು ಮೇಲ್ಮೈ ನೋಡಿದರೆ ಮೋಸ ಹೋಗುತ್ತೀರಿ.

ಅಂಟಿನ_ನಂಟು:

ಮೇಲಿನವರು ಡೈ ಬಗ್ಗೆ ಹೇಳಿದ್ದು ಸರಿ. ಆದರೆ ಬರೀ ಐಸೊಲೇಟ್ ಹಾಕಿಕೊಂಡು ಡೈ ಎಷ್ಟು ಸರಿ ಮಾಡಿದರೂ ಒಳ್ಳೆಯ ಎಳೆ ಕಷ್ಟ. ಪಾಕದಲ್ಲಿ ಎಲ್ಲವೂ ಒಂದೇ ಆಗಿದ್ದರೆ ಎಳೆದಾಗ ಬೇರ್ಪಡಲು ಏನಿದೆ? ಒಂದಕ್ಕೊಂದು ಪೂರ್ತಿ ಬೆರೆಯದ ಎರಡು ಪದಾರ್ಥ ಬೇಕು. ಹರಿವಿನಲ್ಲಿ ಒಂದು ಇನ್ನೊಂದರೊಳಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ, ತಣಿದಾಗ ಅವುಗಳ ನಡುವಿನ ಗೆರೆಯೇ ನೀವು ಬೆರಳಿನಿಂದ ಬಿಡಿಸುವ ಸಂದು.

ಅದಕ್ಕೇ ಐಸೊಲೇಟ್‌ಗಿಂತ ಅಗ್ಗದ ಸೋಯಾ ಕಾನ್ಸಂಟ್ರೇಟ್ ಎಷ್ಟೋ ಸಲ ಚೆನ್ನಾಗಿ ಎಳೆ ಕೊಡುತ್ತದೆ. ಅದರಲ್ಲಿ ಪ್ರೋಟೀನ್ 65ರಿಂದ 70%, ಉಳಿದದ್ದರಲ್ಲಿ ಹೆಚ್ಚಿನ ಪಾಲು ಕರಗದ ಕಾಳಿನ ನಾರು. ಆ ನಾರೇ ಎರಡನೇ ಪದಾರ್ಥ. ಇಲ್ಲೊಂದು ಗೊಂದಲ ಬೇಡ: ಆ ನಾರು ಬೇರೆ, ನಾವು ಮಾಡುತ್ತಿರುವ ಎಳೆ ಬೇರೆ. ಹಲಸಿನ ಗುಜ್ಜೆ ಎಳೆ ಎಳೆಯಾಗಿ ಬಿಡುವುದು ಸಸ್ಯದ ಸಹಜ ನಾರಿನಿಂದ, ಅದರಲ್ಲಿ ಪ್ರೋಟೀನ್ ತೀರ ಕಡಿಮೆ.

ಎರಡು ಪಾಕವಿಧಾನ, ಒಣ ತೂಕದ ಮೇಲೆ:

ಗ್ಲುಟೆನ್ (ಗೋಧಿಯ ಅಂಟು ಪ್ರೋಟೀನ್) ಹಾಕಬಹುದಾದರೆ ಐಸೊಲೇಟ್ 72, ಗೋಧಿ ಗ್ಲುಟೆನ್ 24, ಗೋಧಿ ಪಿಷ್ಟ 3, ಉಪ್ಪು 1. ಹೊಸಬರಿಗೆ ಇದೇ ಸುಲಭ, ಕೈ ಕೊಡುವುದು ಕಡಿಮೆ.

ಗ್ಲುಟೆನ್ ಬೇಡವಾದರೆ ಕಾನ್ಸಂಟ್ರೇಟ್ 80, ಐಸೊಲೇಟ್ 19, ಉಪ್ಪು 1. ಬಟಾಣಿಯಲ್ಲಿ ಮಾಡುವುದಾದರೆ ಬಟಾಣಿ ಐಸೊಲೇಟ್ 90, ಬಟಾಣಿ ನಾರು 8, ಉಪ್ಪು 1ರಿಂದ 2. ಬಟಾಣಿ ಪ್ರೋಟೀನಿನಲ್ಲಿ ಗಂಧಕದ ಅಮೈನೋ ಆಮ್ಲ ಸೋಯಾಗಿಂತ ಕಡಿಮೆ, ಎಳೆ ಸ್ವಲ್ಪ ಮೃದು. ನೀರು 55%ಕ್ಕೆ ಇಳಿಸಿಕೊಳ್ಳಿ.

ಎಣ್ಣೆ ಈಗಲೇ ಸೇರಿಸಬೇಡಿ. ಎಣ್ಣೆ ಒಳಗಿದ್ದರೆ ಸ್ಕ್ರೂ ಜಾರುತ್ತದೆ, ತಿಕ್ಕಾಟ ಕಡಿಮೆಯಾಗಿ ಒತ್ತಡ ಬೀಳುತ್ತದೆ. ಬಾಯಿಗೆ ಒಣ ಅನ್ನಿಸಿದರೆ ಮುಂದೆ 2ರಿಂದ 4% ಎಣ್ಣೆಯನ್ನು ಕೊನೆಯ ಬ್ಯಾರಲ್‌ಗಳಲ್ಲಿ ಪಂಪ್ ಮಾಡಿ, ಅಥವಾ ಪಟ್ಟಿ ಕತ್ತರಿಸಿದ ಮೇಲೆ ಬಿಸಿ ಎಣ್ಣೆ-ಮಸಾಲೆ ನೀರಿನಲ್ಲಿ ನೆನೆಹಾಕಿ.

ಪಿಎಚ್ ಕೂಡ ನೋಡಿ. ಪುಡಿಯ 10% ದ್ರಾವಣದಲ್ಲಿ 6.8ರಿಂದ 7.3 ಇದ್ದರೆ ಮುಟ್ಟಬೇಡಿ. ಅಡುಗೆ ಸೋಡಾ ಹಾಕಿ 7.5ರಿಂದ 8ಕ್ಕೆ ಏರಿಸಿದರೆ ಮೃದುವಾಗುತ್ತದೆ, ನೀರು ಹೆಚ್ಚು ಹಿಡಿಯುತ್ತದೆ. ಅದರಾಚೆ ಕಹಿ, ಕಂದು ಬಣ್ಣ, ಜೊತೆಗೆ ಲೈಸಿನ್ ಎಂಬ ಅಮೈನೋ ಆಮ್ಲ ಕೆಡುತ್ತದೆ. ಸೋಯಾ ಪ್ರೋಟೀನ್ ಕರಗದೆ ಕೂರುವ ಪಿಎಚ್ 4.5. ಆ ಕಡೆ ಇಳಿದಷ್ಟೂ ಗಟ್ಟಿ, ಒರಟು.

ತಾಪ ಯಾಕೆ 145 ಸಾಕು ಅಂತ ಕೇಳಿದರೆ: ಸೋಯಾದ ಎರಡು ಮುಖ್ಯ ಗೋಳ ಪ್ರೋಟೀನುಗಳಲ್ಲಿ 7ಎಸ್ ಧಾರಾಳ ನೀರಿನಲ್ಲಿ 70ರಿಂದ 75 ಡಿಗ್ರಿಗೆ, 11ಎಸ್ ಸುಮಾರು 90ಕ್ಕೆ ಬಿಚ್ಚಿಕೊಳ್ಳುತ್ತದೆ. ನೀರು ಕಡಿಮೆಯಾದಂತೆ ಆ ಅಂಕಿ ಏರುತ್ತದೆ, 58% ತೇವದಲ್ಲೂ 130-140ರಲ್ಲಿ ಎರಡೂ ಬಿಚ್ಚಿರುತ್ತವೆ. ಅದರಿಂದ ಮೇಲೆ ಹೋದರೆ ಲಾಭವಿಲ್ಲ, ಸೀಯುವುದೊಂದೇ.

ಬಿಚ್ಚಿದ ಸರಪಳಿಗಳನ್ನು ಮತ್ತೆ ಹಿಡಿದಿಡುವುದು ಗಂಧಕ-ಗಂಧಕ ಕೊಂಡಿ, ನೀರಿಗೆ ಹೆದರುವ ಭಾಗಗಳ ಒತ್ತಟ್ಟು, ಹೈಡ್ರೋಜನ್ ಬಂಧ, ಈ ಮೂರೂ ಸೇರಿ. ಲ್ಯಾಬ್ ಇದ್ದರೆ ಪರೀಕ್ಷೆ ಸುಲಭ. ಪಟ್ಟಿಯನ್ನು ಅರೆದು ನಾಲ್ಕು ಪಾಲು ಮಾಡಿ: ಒಂದು ಬರೀ ಫಾಸ್ಫೇಟ್ ಬಫರಿಗೆ, ಒಂದು ಬಫರ್ ಜೊತೆ 8 ಮೋಲಾರ್ ಯೂರಿಯಾಕ್ಕೆ (ಉಳಿದೆರಡು ಹಿಡಿತ ಬಿಡಿಸುವುದು), ಒಂದು ಬಫರ್ ಜೊತೆ ಡಿಟಿಟಿಗೆ (ಗಂಧಕ ಕೊಂಡಿ ಬಿಡಿಸುವ ರಾಸಾಯನಿಕ), ಒಂದು ಎರಡೂ ಇರುವುದಕ್ಕೆ. ಬರೀ ಬಫರಿನಲ್ಲಿ ತುಂಬ ಪ್ರೋಟೀನ್ ಕರಗಿದರೆ ಬ್ಯಾರಲ್ಲಿನಲ್ಲಿ ಬೆಂದೇ ಇಲ್ಲ. ಎರಡೂ ಇರುವುದರಲ್ಲಿ ಬಹುಪಾಲು ಕರಗಿದರೆ ಎಲ್ಲ ಸರಿಯಾಗಿದೆ ಅಂತ ಅರ್ಥ.

ಬೇಳೆಕಾಳು_27:

ಇಬ್ಬರಿಗೂ ಧನ್ಯವಾದ. ತೇವದ ಲೆಕ್ಕ ತಪ್ಪಿದ್ದು ಗೊತ್ತೇ ಆಗಿರಲಿಲ್ಲ. ಇನ್ನೊಂದು ಪ್ರಶ್ನೆ. ಐಸೊಲೇಟ್ ದುಬಾರಿ. ಇಲ್ಲಿ ಬೆಳಗಾವಿ ಕಡೆಯಿಂದ ಸೋಯಾ ಡಿಒಸಿ (ಎಣ್ಣೆ ತೆಗೆದ ಹಿಂಡಿ) ಸುಲಭಕ್ಕೆ ಸಿಗುತ್ತದೆ, ಗಾಣದ ಶೇಂಗಾ ಹಿಂಡಿಯೂ ಇದೆ. ಕಡಲೆ ಹಿಟ್ಟು ಒಮ್ಮೆ ಹಾಕಿ ನೋಡಿದೆವು, ಉಬ್ಬಿದ ಕುರುಕಲು ತಿಂಡಿ ಥರ ಬಂತು. ಇವುಗಳಿಂದ ಆಗುತ್ತದಾ?

ಹಿಂಡಿ_ಹಿಟ್ಟು:

ಕಡಲೆ ಹಿಟ್ಟು ಕುರುಕಲು ಆಗಲೇಬೇಕು. ಅದರಲ್ಲಿ ಪ್ರೋಟೀನ್ 20-22%, ಅರ್ಧದ ಹತ್ತಿರ ಪಿಷ್ಟ, 5-6% ಕೊಬ್ಬು. ಪಿಷ್ಟ ಬೆಂದು ಉಬ್ಬುತ್ತದೆ, ಪ್ರೋಟೀನ್ ಅದರ ನಡುವೆ ಚೂರುಚೂರಾಗಿ ಉಳಿಯುತ್ತದೆ, ಒಂದಕ್ಕೊಂದು ಕೈ ಹಿಡಿಯುವುದಿಲ್ಲ. ಚಕ್ಕುಲಿ ಒರಳಿನಲ್ಲಿ ಒತ್ತಿದ್ದೂ ಎಳೆಯಂತೆಯೇ ಕಾಣುತ್ತದೆ, ಆದರೆ ಅದು ತೂತಿನ ಆಕಾರ, ಒಳಗೆ ಎಳೆ ಇರುವುದಿಲ್ಲ. ಎಳೆ ಬೇಕಾದರೆ ಪುಡಿಯಲ್ಲಿ ಕನಿಷ್ಠ 50% ಪ್ರೋಟೀನ್ ಇರಲಿ.

ಬೇಳೆಗಳಿಂದ ಅಲ್ಲಿಗೆ ಹೋಗಲು ದಾರಿ ಎರಡು. ಒಣ ದಾರಿ: ಪಿನ್ ಮಿಲ್ಲಿನಲ್ಲಿ ತೀರ ನುಣ್ಣಗೆ ಬೀಸಿ ಗಾಳಿಯ ಕ್ಲಾಸಿಫೈಯರ್‌ಗೆ ಹಾಕುವುದು. ದಪ್ಪ ಪಿಷ್ಟದ ಕಾಳು ಕೆಳಗೆ, ಹಗುರ ಪ್ರೋಟೀನ್ ಚೂರು ಮೇಲೆ. ಹೆಸರು, ಬಟಾಣಿಯಲ್ಲಿ 50-60% ಪ್ರೋಟೀನಿನ ಹಿಟ್ಟು ಸಿಗುತ್ತದೆ. ಕಡಲೆಯಲ್ಲಿ ಕೊಬ್ಬು ಇರುವುದರಿಂದ ಹಿಟ್ಟು ಒಂದಕ್ಕೊಂದು ಅಂಟಿಕೊಂಡು ಬೇರ್ಪಡುವುದಿಲ್ಲ. ಒದ್ದೆ ದಾರಿ: ಪಿಎಚ್ 9ರ ನೀರಿನಲ್ಲಿ ಪ್ರೋಟೀನ್ ಕರಗಿಸಿ, ಪಿಷ್ಟ-ನಾರು ಸೋಸಿ, ಪಿಎಚ್ 4.5ಕ್ಕೆ ತಂದು ಮೊಸರಿನಂತೆ ಕೂರಿಸಿ, ತೊಳೆದು, 7ಕ್ಕೆ ಏರಿಸಿ ಒಣಗಿಸುವುದು. 80% ದಾಟುತ್ತದೆ, ಖರ್ಚೂ ಹಾಗೇ, ತೊಳೆದ ನೀರಿನ ವಿಲೇವಾರಿ ಬೇರೆ.

ಈಗ ಡಿಒಸಿ. ಇಲ್ಲೇ ಬಹಳ ಜನ ಎಡವುವುದು. ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುವ ಡಿಒಸಿ ಕೋಳಿ ಆಹಾರದ್ದು. ಎಣ್ಣೆ ಕರಗಿಸಲು ಬಳಸಿದ ಹೆಕ್ಸೇನ್ ತೆಗೆಯುವಾಗ ಹಬೆಯಲ್ಲಿ ಚೆನ್ನಾಗಿ ಹುರಿದಿರುತ್ತಾರೆ, ಕೋಳಿಗೆ ಅದೇ ಬೇಕು. ಪ್ರೋಟೀನ್ ಅಂಕಿ ಚೀಟಿಯಲ್ಲಿ 48% ಅಂತ ಇರುತ್ತದೆ, ಆದರೆ ನೀರಿನಲ್ಲಿ ಹರಡಬಲ್ಲ ಪ್ರೋಟೀನ್, ಅಂದರೆ ಪಿಡಿಐ, 15-25ಕ್ಕೆ ಇಳಿದಿರುತ್ತದೆ. ಒಮ್ಮೆ ಬೆಂದು ಗಟ್ಟಿಯಾದ ಮೊಟ್ಟೆಯನ್ನು ಮತ್ತೆ ಆಮ್ಲೆಟ್ ಮಾಡಲು ಹೊರಟಂತೆ. ಮೀಲ್ ಮೇಕರ್ ಮಾಡುವವರು ಕೊಳ್ಳುವುದು ತಿನ್ನುವ ದರ್ಜೆಯ ವೈಟ್ ಫ್ಲೇಕ್ ಹಿಟ್ಟು: ಪ್ರೋಟೀನ್ 50%, ಎಣ್ಣೆ 1.5%ಕ್ಕಿಂತ ಕಡಿಮೆ, ಪಿಡಿಐ 60-70. ಕೊಳ್ಳುವಾಗ ಪಿಡಿಐ ಬರೆದುಕೊಡಿ ಅಂತ ಕೇಳಿ. ಉತ್ತರ ಬರದಿದ್ದರೆ ಕೊಳ್ಳಬೇಡಿ.

ಲ್ಯಾಬ್ ಇಲ್ಲದೆ ನೋಡುವ ಬಗೆ: 10 ಗ್ರಾಂ ಹಿಟ್ಟು, 100 ಮಿ.ಲೀ. ಉಗುರುಬೆಚ್ಚಗಿನ ನೀರು, ಅರ್ಧ ಗಂಟೆ ಕಲಕಿ, ಒಂದು ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ. ಒಳ್ಳೆಯ ಹಿಟ್ಟಿನ ತಿಳಿ ಹಾಲಿನಂತೆ ಮಬ್ಬಾಗಿರುತ್ತದೆ. ಹನಿ ಹನಿಯಾಗಿ ನಿಂಬೆರಸ ಬಿಡಿ. ಒಡೆದ ಹಾಲಿನಂತೆ ದಪ್ಪ ಗರಣೆ ಕೂತರೆ ಪ್ರೋಟೀನ್ ಜೀವಂತ. ನೀರು ನೀರಾಗಿದ್ದು ಒಂದಿಷ್ಟು ಪುಡಿ ಮಾತ್ರ ಕೂತರೆ ಆ ಹಿಟ್ಟು ಕೋಳಿಗೇ ಸರಿ. ಐಸೊಲೇಟ್‌ಗೆ ಈ ಪರೀಕ್ಷೆ ಅಷ್ಟು ನಂಬಬೇಡಿ, ಕಡಿಮೆ ಕರಗುವ ಕೆಲವು ಐಸೊಲೇಟ್ ಹಸಿ ಎಕ್ಸ್‌ಟ್ರೂಷನ್ನಿನಲ್ಲಿ ಚೆನ್ನಾಗಿಯೇ ಎಳೆ ಕೊಡುತ್ತವೆ.

ವೈಟ್ ಫ್ಲೇಕ್ ಹಿಟ್ಟಿನಿಂದ ನಿಮ್ಮ ಕೂಲಿಂಗ್ ಡೈ ಪಟ್ಟಿ ಬರುತ್ತದಾ ಅಂದರೆ, ಬರುತ್ತದೆ, ರುಚಿ ಸಾಲದು. ಹಿಟ್ಟಿನಲ್ಲಿರುವ ಕರಗುವ ಸಕ್ಕರೆಗಳು ಹಾಗೇ ಉಳಿಯುತ್ತವೆ. ಹಸಿ ಸೋಯಾ ವಾಸನೆ ಹೋಗುವುದಿಲ್ಲ, ಹೊಟ್ಟೆಯಲ್ಲಿ ವಾಯು. ಒಣ ಚಂಕ್ಸ್ ಮಾಡುವಾಗ ಬಾಯಲ್ಲಿ ಹಬೆ ಹಾರಿ ವಾಸನೆಯೂ ಒಂದಷ್ಟು ಹಾರುತ್ತದೆ, ಅಡುಗೆಯವರು ನೆನೆಸಿ ಹಿಂಡಿ ಉಳಿದದ್ದನ್ನು ಚೆಲ್ಲುತ್ತಾರೆ. ಪಟ್ಟಿಯಲ್ಲಿ ಎರಡೂ ಇಲ್ಲ. ಕಾನ್ಸಂಟ್ರೇಟ್ ಮಾಡುವಾಗ ಆ ಸಕ್ಕರೆಗಳನ್ನು ತೊಳೆದಿರುತ್ತಾರೆ. ಖರ್ಚು ಇಳಿಸಬೇಕಾದರೆ ಕಾನ್ಸಂಟ್ರೇಟ್‌ಗೆ ಹೋಗಿ, ಡಿಒಸಿಗೆ ಅಲ್ಲ.

ಶೇಂಗಾ ಹಿಂಡಿ: ಗಾಣದ್ದರಲ್ಲಿ ಎಣ್ಣೆ ಇನ್ನೂ 7-10% ಇರುತ್ತದೆ, ಎಳೆಗೆ ಅದು ಹೆಚ್ಚಾಯಿತು. ಅದಕ್ಕಿಂತ ದೊಡ್ಡ ತೊಂದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ. ಎಕ್ಸ್‌ಟ್ರೂಡರಿನ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ. ಕಾಳನ್ನು ಆರಿಸಿ, ಪ್ರತಿ ಲಾಟ್ ಪರೀಕ್ಷೆ ಮಾಡಿಸಿದರೆ ಮಾತ್ರ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಶೇಂಗಾ ಪ್ರೋಟೀನಿನ ಮೇಲೆ ದಶಕಗಳ ಕೆಲಸ ಮಾಡಿದೆ, ಶೇಂಗಾ-ಕಡಲೆ ಹಿಟ್ಟಿನ ಮಲ್ಟಿಪರ್ಪಸ್ ಫುಡ್, ಹಾಲಿಗೆ ಸೇರಿಸುವ ಮಿಲ್ಟೋನ್ ಅಲ್ಲಿಯವೇ. ತಿನ್ನುವ ದರ್ಜೆಯ ಶೇಂಗಾ ಹಿಟ್ಟು ಮಾಡುವ ವಿಧಾನ ಬೇಕಾದರೆ ಅಲ್ಲಿ ವಿಚಾರಿಸಿ, ಪಶುಗಳ ಹಿಂಡಿಯಿಂದ ಶುರು ಮಾಡಬೇಡಿ.

ಡೈ_ಮುಂದೆ_ನಿಲ್ಲಬೇಡಿ:

ಹಾಪರಿನ ಹಬೆಗೆ ಉತ್ತರ ಬಾಕಿ ಇತ್ತು.

ಹಬೆಗೆ ಹಿಂದಕ್ಕೆ ಹೋಗಲು ದಾರಿ ಇದ್ದರೆ ಹೋಗುತ್ತದೆ. ದಾರಿ ಮುಚ್ಚುವುದು ಸ್ಕ್ರೂ ಪೂರ್ತಿ ತುಂಬಿ ನಿಂತ ಹಿಟ್ಟಿನ ಬಿರಡೆ. ನಿಮ್ಮ ನಾಲ್ಕನೇ ಬ್ಯಾರಲ್ಲೇ 100 ಇದೆ. ಅಷ್ಟರೊಳಗೆ ಬಿರಡೆ ಆಗಿರದಿದ್ದರೆ ನೀರು ಕುದಿದು ಹಾಪರ್ ಕಡೆ ನುಗ್ಗುತ್ತದೆ. ಸ್ಕ್ರೂ ಜೋಡಣೆ ನೋಡಿ: ನೀರು ಬಿದ್ದ ಮೇಲೆ ಸಾಗಿಸುವ ಎಲಿಮೆಂಟ್ (ಸ್ಕ್ರೂವಿನ ತುಂಡು), ಮೂರನೇ ಬ್ಯಾರಲ್ಲಿನ ಕೊನೆಗೆ ನಾದುವ ಬ್ಲಾಕುಗಳ ಒಂದು ಗುಂಪು, ಆರನೇ ಬ್ಯಾರಲ್ಲಿನಲ್ಲಿ ಇನ್ನೊಂದು ಗುಂಪು, ಅದರ ಬೆನ್ನಿಗೆ ಹಿಟ್ಟನ್ನು ಹಿಂದಕ್ಕೆ ತಳ್ಳುವ ಗಿಡ್ಡನೆಯ ಒಂದು ಹಿಮ್ಮುಖ ಎಲಿಮೆಂಟ್. ಹಿಮ್ಮುಖ ಒಂದೇ ಸಾಕು. ತಾಪ ಹೀಗೆ ಬದಲಿಸಿ: 25, 40, 60, 80, 105, 125, 140, 140, 130, 120. ಒಂದನೇ ಬ್ಯಾರಲ್ಲಿನಲ್ಲಿ ತಣ್ಣೀರು ಸದಾ ಹರಿಯುತ್ತಿರಲಿ. ಒಂದು ಗಂಟೆ ಆದ ಮೇಲೆ ಹಬೆ ಶುರುವಾಗುತ್ತದೆ ಅಂದರೆ ಅಲ್ಲಿಯ ತಂಪು ಸಾಲುತ್ತಿಲ್ಲ, ಬಿಸಿ ಮೆಲ್ಲನೆ ಹಿಂದಕ್ಕೆ ತೆವಳುತ್ತಿದೆ.

ಚಿಮ್ಮುವುದು ಡೈ ಸರಿ ಮಾಡಿದ ಮೇಲೂ ಉಳಿದರೆ ಫೀಡರ್ ಮತ್ತು ಪಂಪ್ ನೋಡಿ. ಐಸೊಲೇಟ್ ಗಾಳಿ ತುಂಬಿದ ಹಗುರ ಪುಡಿ, ಹಾಪರಿನಲ್ಲಿ ಕಮಾನು ಕಟ್ಟಿ ನಿಲ್ಲುತ್ತದೆ, ಆಮೇಲೆ ಧೊಪ್ಪನೆ ಬೀಳುತ್ತದೆ. ಕಲಕುವ ತೋಳು ಇರುವ, ತೂಕ ನೋಡಿಕೊಂಡು ಹಾಕುವ ಫೀಡರ್ ಬೇಕು. ಪರೀಕ್ಷೆ ಹೀಗೆ: ಫೀಡರ್ ಬಾಯಿಗೆ ಪಾತ್ರೆ ಹಿಡಿದು 30 ಸೆಕೆಂಡಿನ ಹತ್ತು ತೂಕ ತೆಗೆಯಿರಿ. ಗಂಟೆಗೆ 5 ಕೆಜಿಗೆ ಪ್ರತಿ ಸಲ 41.7 ಗ್ರಾಂ ಬರಬೇಕು. ಅರ್ಧ ಗ್ರಾಂ ಅತ್ತಿತ್ತ ಸರಿ, ಮೂರು ಗ್ರಾಂ ಓಡಾಡಿದರೆ ಪಟ್ಟಿಯೂ ಓಡಾಡುತ್ತದೆ. ನೀರಿಗೂ ಹೀಗೇ. ಕೊಳವೆ ಒತ್ತುವ ಪೆರಿಸ್ಟಾಲ್ಟಿಕ್ ಪಂಪ್ ಇದ್ದರೆ ಅದರ ಮಿಡಿತವೇ ಡೈಯಲ್ಲಿ ಕಾಣುತ್ತದೆ. ಗೇರ್ ಪಂಪ್ ಹಾಕಿ.

ಶುರು ಮಾಡುವ ಕ್ರಮ: ಬ್ಯಾರಲ್ ಕಾದ ಮೇಲೆ ಸ್ಕ್ರೂ 150 ಆರ್‌ಪಿಎಂ, ಮೊದಲು ನೀರು, ಆಮೇಲೆ ಪುಡಿ. ಆರಂಭದಲ್ಲಿ ತೇವ 68-70% ಇರಲಿ, ಗಂಜಿಯಂತೆ ಬರಲಿ. ಕೂಲಿಂಗ್ ಡೈ ನೀರು ಈ ಹೊತ್ತಿನಲ್ಲಿ 80. ಡೈ ತುಂಬಿ ಒಂದೇ ಸಮ ಬರತೊಡಗಿದ ಮೇಲೆ ಐದು ಐದು ನಿಮಿಷಕ್ಕೆ ತೇವವನ್ನು ಎರಡೆರಡು ಅಂಶ ಇಳಿಸುತ್ತಾ 58ಕ್ಕೆ ಬನ್ನಿ, ಡೈ ನೀರನ್ನೂ 60ಕ್ಕೆ ಇಳಿಸಿ, ಸ್ಕ್ರೂ 250-300ಕ್ಕೆ ಏರಿಸಿ. ತಣ್ಣನೆ ಡೈಗೆ ಗಟ್ಟಿ ಹಿಟ್ಟು ನುಗ್ಗಿಸಿದರೆ ಮೊದಲ ಐದು ನಿಮಿಷದಲ್ಲೇ ಮುಚ್ಚಿಕೊಳ್ಳುತ್ತದೆ.

ಒಂದು ಬದಲಾವಣೆ ಮಾಡಿದ ಮೇಲೆ ಹತ್ತು ನಿಮಿಷ ಕಾಯಿರಿ. ಆಮೇಲೆ ಮಾದರಿ ತೆಗೆಯಿರಿ. ಒಂದೇ ಸಲ ಎರಡು ಗುಂಡಿ ತಿರುಗಿಸಬೇಡಿ.

ಮಾದರಿ ನೋಡುವ ಬಗೆ: ಅಂಗೈಯುದ್ದ ಪಟ್ಟಿ ಕತ್ತರಿಸಿ, ಎರಡು ನಿಮಿಷ ಆರಿಸಿ, ಉದ್ದಕ್ಕೆ ನಡುವೆ ಒಂದು ಗೀರು ಹಾಕಿ ಪುಸ್ತಕ ಬಿಡಿಸಿದಂತೆ ಬಿಡಿಸಿ. ಒಳಗೆ ಬಾಣದ ತುದಿಯಂತೆ ವಿ ಆಕಾರದ ಗೆರೆಗಳು ಕಾಣಬೇಕು, ತುದಿ ಹರಿವಿನ ಕಡೆಗೆ. ವಿ ತೀರ ಚೂಪಾಗಿ ಉದ್ದಕ್ಕಿದ್ದರೆ ನಡುಭಾಗ ಬಹಳ ವೇಗವಾಗಿ ಓಡಿದೆ: ಗೋಡೆ ತೀರಾ ತಣ್ಣಗಿದೆ ಅಥವಾ ಹರಿವು ಹೆಚ್ಚು. ಗೆರೆ ಕಾಣುತ್ತದೆ, ಆದರೆ ಬಿಡಿಸಿದರೆ ಪುಡಿಪುಡಿ ಅಂದರೆ ನೀರು ಕಡಿಮೆ. ಬಿಡಿಸಿದಲ್ಲೆಲ್ಲ ಮುದ್ದೆಯಾಗಿ ಅಂಟಿದರೆ ನೀರು ಹೆಚ್ಚು ಅಥವಾ ಬಿಸಿ ಸಾಲದು. ಒಳಗೆ ಸಣ್ಣ ಗುಳ್ಳೆ ಇದ್ದರೆ ನಡುಭಾಗ ಇನ್ನೂ ನೂರರ ಮೇಲೆ. ಕಪ್ಪು ಚುಕ್ಕೆ ಕಂಡರೆ ಸ್ಕ್ರೂ ತುದಿಗೂ ಡೈಗೂ ನಡುವಿನ ಜೋಡಣೆಯಲ್ಲಿ ಮೂಲೆ ಇದೆ, ಅಲ್ಲಿ ಮಾಲು ಕೂತು ಸೀಯುತ್ತಿದೆ.

ನಿಲ್ಲಿಸುವುದು ಇನ್ನೂ ಮುಖ್ಯ. ಹಿಟ್ಟು ಒಳಗಿರುವಾಗ ಸ್ಕ್ರೂ ನಿಲ್ಲಿಸಬೇಡಿ. ನೀರು ಏರಿಸಿ, ಪುಡಿ ಇಳಿಸುತ್ತಾ ನಿಲ್ಲಿಸಿ, ಬ್ಯಾರಲ್ ತಾಪವನ್ನೆಲ್ಲ 90ಕ್ಕಿಂತ ಕೆಳಗೆ ತನ್ನಿ, ಬರೀ ನೀರು ತಿಳಿಯಾಗಿ ಬರುವ ತನಕ ಓಡಿಸಿ. ಆಮೇಲೆ ಡೈ ಬಿಚ್ಚಿ, ಒದ್ದೆ ಅಕ್ಕಿ ರವೆ ಹಾಕಿ ಸ್ಕ್ರೂ ಉಜ್ಜಿ. ಡೈ ಮುಚ್ಚಿಕೊಂಡಾಗ ಒತ್ತಡ ಸೊನ್ನೆ ತೋರಿಸಿದರೂ ನಂಬಬೇಡಿ, ಗೇಜಿನ ತೂತೂ ಹಿಟ್ಟಿನಿಂದ ಮುಚ್ಚಿರಬಹುದು. ಒಳಗೆ 140 ಡಿಗ್ರಿಯ ನೀರು ಕೂತಿರುತ್ತದೆ. ಬೋಲ್ಟ್ ಸಡಿಲಿಸಿದ ಕ್ಷಣ ಬಿರಡೆ ಗುಂಡಿನಂತೆ ಹಾರುತ್ತದೆ. ತಾಪ 60ಕ್ಕೆ ಇಳಿಯುವ ತನಕ ಕಾಯಿರಿ, ಬಿಚ್ಚುವಾಗ ಪಕ್ಕದಲ್ಲಿ ನಿಲ್ಲಿ. ನನ್ನ ಹೆಸರು ತಮಾಷೆಗೆ ಇಟ್ಟದ್ದಲ್ಲ.

ಮನೆಯಡುಗೆ_ಲ್ಯಾಬ್:

ಎಕ್ಸ್‌ಟ್ರೂಡರ್ ಇಲ್ಲದವರೂ ಇದನ್ನು ಓದುತ್ತಿರಬಹುದು, ಅದಕ್ಕೆ ಎರಡು ಮಾತು. ಇದೊಂದೇ ದಾರಿಯಲ್ಲ. 1954ರಲ್ಲಿ ರಾಬರ್ಟ್ ಬಾಯರ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ವಿಧಾನ ರೇಯಾನ್ ನೂಲಿನಂತೆಯೇ: ಸೋಯಾ ಪ್ರೋಟೀನನ್ನು ಕ್ಷಾರದಲ್ಲಿ ಕರಗಿಸಿ ಸಣ್ಣ ತೂತುಗಳಿಂದ ಆಮ್ಲ-ಉಪ್ಪಿನ ತೊಟ್ಟಿಗೆ ಬಿಡುವುದು. ಎಳೆ ಅದ್ಭುತ, ಖರ್ಚೂ ನೀರೂ ವಿಪರೀತ. 1970ರಲ್ಲಿ ಆಟ್ಕಿನ್ಸನ್ ಹೆಸರಿನ ಎಕ್ಸ್‌ಟ್ರೂಷನ್ ಪೇಟೆಂಟ್ ಬಂತು, ಮೀಲ್ ಮೇಕರ್‌ನ ವಂಶ ಅಲ್ಲಿಂದ. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಇತ್ತೀಚೆಗೆ ಬೆಳೆಸಿದ್ದು ಶಿಯರ್ ಸೆಲ್: ಒಂದರೊಳಗೊಂದು ಕೂತ ಎರಡು ಬಿಸಿ ಸಿಲಿಂಡರ್, ಒಂದು ನಿಧಾನ ತಿರುಗುತ್ತದೆ, ನಡುವಿನ ಸೋಯಾ-ಗ್ಲುಟೆನ್ ಹಿಟ್ಟು ಸುತ್ತಲೂ ಎಳೆಯಾಗುತ್ತದೆ.

ಮನೆಯಲ್ಲಿ ಆಗುವುದು ಗ್ಲುಟೆನ್. 1 ಕೆಜಿ ಮೈದಾ, ಸುಮಾರು 600 ಮಿ.ಲೀ. ನೀರು, ಹತ್ತು ನಿಮಿಷ ನಾದಿ, ಒಂದು ಗಂಟೆ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ನೀರು ಬದಲಿಸುತ್ತಾ ಹಿಂಡಿ ತೊಳೆಯಿರಿ. ಐದಾರು ನೀರಿಗೆ ಬಿಳಿ ಹೋಗಿ 250-300 ಗ್ರಾಂ ಅಂಟು ಉಳಿಯುತ್ತದೆ. ಅರ್ಧ ಗಂಟೆ ಬಿಟ್ಟು, ಪರೋಟ ಹಿಟ್ಟಿನಂತೆ ಉದ್ದಕ್ಕೆ ಎಳೆದು, ಹಗ್ಗದಂತೆ ಹೊಸೆದು, ಗಂಟು ಹಾಕಿ. ಉಪ್ಪು ಹಾಕಿದ ನೀರಿನಲ್ಲಿ 45 ನಿಮಿಷ ಬೇಯಿಸಿ. ಕೊತಕೊತ ಕುದಿಸಬೇಡಿ, ಅಂಚಿನಲ್ಲಿ ಗುಳ್ಳೆ ಏಳುವಷ್ಟೇ ಉರಿ ಇರಲಿ. ಕುದಿಸಿದರೆ ಸ್ಪಂಜಿನಂತೆ ಊದಿ ಎಳೆ ಕಳೆದುಹೋಗುತ್ತದೆ. ಚಪಾತಿ ಹಿಟ್ಟಿನಲ್ಲಿ ಮಾಡಲು ಹೋಗಬೇಡಿ, ತೌಡು ಸಿಕ್ಕಿ ಅಂಟು ಹರಿದುಹೋಗುತ್ತದೆ. ತೊಳೆದ ಬಿಳಿ ನೀರನ್ನು ಕೂರಿಸಿದರೆ ಪಿಷ್ಟ ಸಿಗುತ್ತದೆ, ಸಂಡಿಗೆಗೆ ಆಗುತ್ತದೆ.

ಇನ್ನೊಂದು, ಗಟ್ಟಿ ತೋಫುವನ್ನು ಒಂದೇ ದಿಕ್ಕಿನಿಂದ ಹೆಪ್ಪುಗಟ್ಟಿಸುವುದು. ತುಂಡಿನ ಪಕ್ಕ ಮತ್ತು ಮೇಲ್ಭಾಗಕ್ಕೆ ಥರ್ಮೋಕೋಲ್ ಸುತ್ತಿ, ತಳ ಮಾತ್ರ ಲೋಹದ ತಟ್ಟೆಗೆ ತಾಗುವಂತೆ ಫ್ರೀಜರಿನಲ್ಲಿಡಿ. ಮಂಜು ಕೆಳಗಿನಿಂದ ಮೇಲಕ್ಕೆ ಕಂಬ ಕಂಬವಾಗಿ ಬೆಳೆಯುತ್ತದೆ, ಪ್ರೋಟೀನ್ ಆ ಕಂಬಗಳ ನಡುವೆ ಒತ್ತಿಕೊಳ್ಳುತ್ತದೆ. ಒಂದು ದಿನ ಬಿಟ್ಟು ಕರಗಿಸಿ ಹಿಂಡಿದರೆ ಪದರ ಪದರ. ಎಕ್ಸ್‌ಟ್ರೂಡರಿನ ಎಳೆಗೆ ಸಮನಲ್ಲ, ಸಾರು ಹೀರುವುದರಲ್ಲಿ ಮಾತ್ರ ಅದಕ್ಕಿಂತ ಮೇಲು.

ಬೇಳೆಕಾಳು_27:

ಪುಡಿ 5, ನೀರು 6.1, ಗೋಡೆ 60, ಗ್ಲುಟೆನ್ 24% ಇಟ್ಟು ಓಡಿಸಿದೆವು. ಚಿಮ್ಮುವುದು ನಿಂತಿದೆ, ಒತ್ತಡ 9-10 ಬಾರ್‌ನಲ್ಲಿ ನಿಂತಿದೆ. ವಿ ಗೆರೆ ಕಾಣುತ್ತಿದೆ, ಆದರೆ ಪಟ್ಟಿಯ ಎರಡು ಅಂಚಿನ ಅರ್ಧ ಸೆಂ.ಮೀ. ಮಾತ್ರ ಇನ್ನೂ ರಬ್ಬರ್. ಸೂಜಿ ಥರ್ಮಾಮೀಟರ್ 93 ತೋರಿಸಿತು. ಪಟ್ಟಿಯನ್ನು ಹೊರಗೆ ಎಷ್ಟು ಹೊತ್ತು ಇಡಬಹುದು?

ಅಂಟಿನ_ನಂಟು:

ಅಂಚಿನ ರಬ್ಬರ್ ಚೌಕ ಮೂಲೆಯ ಡೈಗಳಲ್ಲಿ ಇದ್ದದ್ದೇ. ಅಲ್ಲಿ ಮೂರು ಕಡೆಯಿಂದ ತಂಪು ತಾಗುತ್ತದೆ, ಎಳೆದಾಟಕ್ಕೆ ಮುಂಚೆಯೇ ಗಟ್ಟಿಯಾಗುತ್ತದೆ. ಗೋಡೆ 65-68ಕ್ಕೆ ಏರಿಸಿ ನೋಡಿ, ಆದರೆ ನಡುಭಾಗ 96 ದಾಟದಂತೆ. ಆಮೇಲೂ ಉಳಿದರೆ ಅಂಚು ಕತ್ತರಿಸಿ, ನುಣ್ಣಗೆ ಕೊಚ್ಚಿ ಕಟ್ಲೆಟ್ಟಿಗೆ ಹಾಕಿ. ಮತ್ತೆ ಹಾಪರಿಗೆ ಹಾಕಬೇಡಿ, ಬೆಂದ ಪ್ರೋಟೀನ್ ಎರಡನೇ ಸಲ ಎಳೆಯಾಗುವುದಿಲ್ಲ.

ಹೊರಗೆ ಇಡುವ ಮಾತೇ ಬೇಡ. 58% ತೇವ, ಪಿಎಚ್ ಏಳರ ಹತ್ತಿರ, ತುಂಬ ಪ್ರೋಟೀನ್: ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಊಟ. ಬ್ಯಾರಲ್ಲಿನ ಬಿಸಿಯಲ್ಲಿ ಹೆಚ್ಚಿನವು ಸತ್ತಿರುತ್ತವೆ, ಬೀಜಕಣಗಳನ್ನು ನಂಬುವಂತಿಲ್ಲ, ಜೊತೆಗೆ ಕತ್ತರಿಸುವ ಬ್ಲೇಡ್, ಮೇಜು, ಕೈಗಳಿಂದ ಹೊಸದಾಗಿ ಸೇರುತ್ತವೆ. ಹೊರಬಂದ ಪಟ್ಟಿಯನ್ನು ಒಂದರ ಮೇಲೊಂದು ರಾಶಿ ಹಾಕಿದರೆ ರಾಶಿಯ ಒಳಗೆ ಗಂಟೆಗಟ್ಟಲೆ 40-50 ಡಿಗ್ರಿ ಉಳಿಯುತ್ತದೆ, ಅದೇ ಅಪಾಯ. ಜಾಲರಿ ತಟ್ಟೆಯಲ್ಲಿ ಒಂದೇ ಪದರ ಹರಡಿ, ಎರಡು ಗಂಟೆಯೊಳಗೆ 4 ಡಿಗ್ರಿಗೆ ತನ್ನಿ, ಪ್ಯಾಕ್ ಮಾಡಿ −18ಕ್ಕೆ ಹಾಕಿ. ಫ್ರೀಜ್ ಆಗಿ ಕರಗಿದ ಮೇಲೆ ಎಳೆ ಇನ್ನಷ್ಟು ಸುಲಭವಾಗಿ ಬಿಡುತ್ತದೆ, ಅದಕ್ಕೇ ರುಚಿ ನೋಡುವ ಮಾದರಿಯನ್ನೂ ಫ್ರೀಜ್ ಮಾಡಿ ಕರಗಿಸಿಯೇ ನೋಡಿ.